ಕಾಲು ನಿಂತರೂ ಕೈ ನಿಲ್ಲಬಾರದು

ಸುಳ್ಯ ಸೀಮೆಯ ಪಂಜದ ಸುತ್ತಲಿನ ಬದುಕು ಅಡಿಕೆಯನ್ನು ನಂಬಿದೆ. ಕೊಳೆರೋಗದಿಂದ ಫಸಲನ್ನುಳಿಸಲು ಮಳೆಗಾಲದಲ್ಲಿಯೇ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ನೆಲದಲ್ಲಿ ನಿಂತೇ ಸಿಂಪಡಿಸಲು ಕಾರ್ಬನ್ ಫೈಬರ್ ದೋಟಿ ಬಂದಿದೆಯಾದರೂ ಮರವೇರುವುದು ನಿಂತಿಲ್ಲ. ಕಾಲು ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ಮನೆಯ ಆಧಾರವೇ ಹಾಸಿಗೆ ಹಿಡಿಯುತ್ತದೆ.

ಆಗ ಮನೆಯವರು ಮಮತೆಯಿಂದ "ಅಲುಗಾಡಬೇಡ, ಮಲಗಿರು" ಎನ್ನುತ್ತಾರೆ. ಮೊದಲ ದಿನಗಳಲ್ಲಿ ಇದು ಯುಕ್ತವೇ. ಆದರೆ ವೈದ್ಯರು ಒಪ್ಪಿಗೆಯಿತ್ತ ಮೇಲೆಯೂ ಇದನ್ನೇ ಮುಂದುವರಿಸಿದರೆ ಆ ಮಮತೆಯೇ ಅಪಾಯವಾದೀತೆಂಬುದನ್ನು ನಾವು ಅರಿಯಬೇಕು.

ರಕ್ತವು ಹೊತ್ತು ತರುವ ಆಮ್ಲಜನಕವು ಅತಿ ಸೂಕ್ಷ್ಮವಾದ ಲೋಮನಾಳಗಳ ಮೂಲಕ ಸ್ನಾಯುಗಳನ್ನು ಸೇರುತ್ತದೆ. ನೀರು ಹರಿಯದ ತೋಡು ಹೂಳು ತುಂಬಿ ಕಿರಿದಾಗುವಂತೆ, ದುಡಿಮೆಯಿಲ್ಲದ ಕಾಲಿನ ರಕ್ತನಾಳ ಕಿರಿದಾಗುತ್ತದೆ, ಲೋಮನಾಳಗಳು ಕುಗ್ಗುತ್ತವೆ, ಸ್ನಾಯು ಸೊರಗುತ್ತದೆ. ನಡೆಯುವಾಗ ರಕ್ತವನ್ನು ಹೃದಯದತ್ತ ಮೇಲಕ್ಕೊತ್ತುವುದು ಮೀನಖಂಡದ ಕಾರ್ಯ, ಅದೂ ನಿಲ್ಲುತ್ತದೆ. ಪೆಟ್ಟು ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿದ್ದರೆ, ಶ್ರಮಕ್ಕೆ ತಕ್ಕಂತೆ ಹೃದಯದ ಬಡಿತವೂ ಏರದು.

ಇದಕ್ಕೆ ಪರಿಹಾರವು ಕೈಗಳ ಕಾಯಕದಲ್ಲಿದೆ. ಗಾಲಿಕುರ್ಚಿಯನ್ನು ತಾವೇ ತಳ್ಳುವುದು, ಕೈಯಿಂದ ಪೆಡಲು ತಿರುಗಿಸುವುದು, ತೂಕವೆತ್ತುವುದು ಇವುಗಳಿಂದ ತೋಳಿನ ಸ್ನಾಯುಗಳು ಆಮ್ಲಜನಕವನ್ನು ಹೆಚ್ಚು ಸಮರ್ಥವಾಗಿ ಬಳಸಿಕೊಳ್ಳುತ್ತವೆ, ಹೃದಯವೂ ಬಲಗೊಳ್ಳುತ್ತದೆ. ವಾರಕ್ಕೆ 2 ಬಾರಿ ಕನಿಷ್ಠ 20 ನಿಮಿಷ ದಮ್ಮು ಹೆಚ್ಚುವಷ್ಟು ವ್ಯಾಯಾಮ, ಜೊತೆಗೆ 2 ಬಾರಿ ಸ್ನಾಯುಬಲದ ವ್ಯಾಯಾಮ ಬೇಕೆಂಬುದು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ಹೃದಯದ ಆರೋಗ್ಯಕ್ಕಾಗಿ ವಾರಕ್ಕೆ 3 ಬಾರಿ 30 ನಿಮಿಷ ಎಂದೂ ಅದು ಹೇಳುತ್ತದೆ. ಇದರಿಂದ ಕಾಲಿಗೆ ಚಲನೆ ಮರಳುವುದೆಂದು ಭಾವಿಸಲಾಗದು. ತಜ್ಞರ ಮೇಲ್ವಿಚಾರಣೆಯಲ್ಲಿ ವಿದ್ಯುತ್ ಪ್ರಚೋದನೆಯಿಂದ ಕಾಲುಗಳಿಂದಲೂ ಪೆಡಲು ತುಳಿಸಬಹುದು. ಆಗ ಅಲ್ಲಿನ ಲೋಮನಾಳಗಳು ಹೆಚ್ಚುತ್ತವೆ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್ಮನ್ನರು ಬೆನ್ನುಹುರಿಗೆ ಪೆಟ್ಟಾದ ಯೋಧರನ್ನು ಹಾಸಿಗೆಯಿಂದೆಬ್ಬಿಸಿ ಆಟಕ್ಕೆ ಹಚ್ಚಿದರು. 1948ರಲ್ಲಿ 16 ಜನರ ಬಿಲ್ಲುಗಾರಿಕೆಯಿಂದ ಆರಂಭವಾದ ಆ ಕ್ರೀಡಾಕೂಟವೇ ಮುಂದೆ ಪ್ಯಾರಾಲಿಂಪಿಕ್ಸ್‌ಗೆ ಮೂಲವಾಯಿತು. ನಮ್ಮ ಜಿಲ್ಲೆಯಲ್ಲಿಯೇ ಕೊಕ್ಕಡ ಸಮೀಪದ ಸೌತಡ್ಕದಲ್ಲಿ ಸೇವಾಧಾಮವೆಂಬ ಪುನಶ್ಚೇತನ ಕೇಂದ್ರವಿದೆ.

ಕೆಲವು ಎಚ್ಚರಿಕೆಗಳು ಅವಶ್ಯ. ಪೆಟ್ಟಿನ ಕೆಳಭಾಗದಲ್ಲಿ ಬೆವರು ಬಾರದಿರುವುದರಿಂದ ಬಿಸಿಲಲ್ಲಿ ವ್ಯಾಯಾಮ ಬೇಡ. ಪೃಷ್ಠದಲ್ಲಿ ಹುಣ್ಣಾಗದಂತೆ ಆಗಾಗ ಮೈಭಾರವನ್ನು ಬದಲಿಸಬೇಕು. ಪೆಟ್ಟು ಎದೆಯ ಮೇಲ್ಭಾಗದಲ್ಲಿದ್ದವರಿಗೆ ಹಠಾತ್ ತಲೆಸಿಡಿತವುಂಟಾಗಿ ಮುಖ ಕೆಂಪೇರಿದರೆ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಕಟ್ಟಿದೆಯೇ ಎಂದು ನೋಡಿ, ತಡಮಾಡದೆ ವೈದ್ಯರನ್ನು ಕರೆಯಬೇಕು.

ಬಿದ್ದವನಿಗೆ ಊಟ, ಉಪಚಾರಗಳಂತೆಯೇ ದಿನವೂ ದುಡಿಯುವ ಅವಕಾಶವನ್ನೂ ಒದಗಿಸುವುದು ಮನೆಯವರ ಕರ್ತವ್ಯ. ಗಾಲಿಕುರ್ಚಿಯನ್ನು ಅವನ ಪರವಾಗಿ ನಾವು ತಳ್ಳುವುದಕ್ಕಿಂತ, ಅವನೇ ತಳ್ಳಲು ಅಂಗಳವನ್ನು ಸಮಮಾಡಿಕೊಡುವುದು ನಿಜವಾದ ಸೇವೆ.