ಪಕ್ಕನೋಟ ಕುಂದಿದಾಗ

ವಾಡಿಯಲ್ಲಿ ರಸ್ತೆ ದಾಟುತ್ತಿರುವವನೊಬ್ಬನನ್ನು ಊಹಿಸೋಣ. ಎದುರಿನದೆಲ್ಲ ಅವನಿಗೆ ಸ್ಪಷ್ಟ. ಪಕ್ಕದಿಂದ ಬರುವ ಬಂಡಿ ಮಾತ್ರ ಕಾಣದು. ಶಹಾಬಾದಿನ ಕನ್ನಡಕದಂಗಡಿಯಲ್ಲಿ ಅಕ್ಷರಗಳನ್ನು ಸರಿಯಾಗಿಯೇ ಓದಬಲ್ಲನು. ಹಾಗಾದರೆ ದೋಷವೆಲ್ಲಿ?

ಮೂಗಿನ ಹಿಂದೆ, ಮೆದುಳಿನ ತಳದ ಎಲುಬಿನ ಕುಳಿಯಲ್ಲಿ, ಸೇಡಂ ಚಿತ್ತಾಪುರಗಳ ಹೊಲದ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಅದರ ಮೇಲುಗಡೆ ಎರಡು ಕಣ್ಣುಗಳ ನರಗಳೂ ಸಂಧಿಸುತ್ತವೆ. ಮಸೂರವು ಬಿಂಬವನ್ನು ತಲೆಕೆಳಗಾಗಿಸುವುದಷ್ಟೇ ಅಲ್ಲ, ಎಡಬಲಗಳನ್ನೂ ಬದಲಿಸುತ್ತದೆಂದು ನಾವು ಬಲ್ಲೆವು. ಆದುದರಿಂದ ಹೊರಪಕ್ಕದ ಬೆಳಕು ಅಕ್ಷಿಪಟದ ಮೂಗಿನ ಕಡೆಯ ಅರ್ಧದಲ್ಲಿ ಬೀಳುತ್ತದೆ. ಆ ಅರ್ಧದ ತಂತುಗಳೇ ಈ ಸಂಧಿಯಲ್ಲಿ ಅಡ್ಡಹಾಯುವುವು. ಗ್ರಂಥಿಯಲ್ಲಿ ಗಡ್ಡೆ ಬೆಳೆದು ಮೇಲಕ್ಕೊತ್ತಿದರೆ ಎರಡೂ ಪಕ್ಕಗಳ ನೋಟ ಕುಂದುತ್ತದೆ.

ಈ ಗಡ್ಡೆಗಳು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಕೆಲವು ಹಾರ್ಮೋನುಗಳನ್ನು ಅತಿಯಾಗಿ ಸ್ರವಿಸುತ್ತವೆ. ಬೆಳವಣಿಗೆಯ ಹಾರ್ಮೋನು ಹೆಚ್ಚಿದರೆ ವಯಸ್ಕರ ಉಂಗುರ, ಚಪ್ಪಲಿಗಳು ಬಿಗಿಯಾಗುತ್ತವೆ, ದವಡೆ ಮುಂಚಾಚುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚಿದರೆ ಸ್ತ್ರೀಯರ ಮುಟ್ಟು ನಿಲ್ಲಬಹುದು. ಈ ಎರಡನೆಯ ಬಗೆಗೆ ಸಾಮಾನ್ಯವಾಗಿ ಮಾತ್ರೆಗಳೇ ಮೊದಲ ಚಿಕಿತ್ಸೆ. ಕಣ್ಣಿನ ನರವನ್ನೊತ್ತುವ ಇತರ ಗಡ್ಡೆಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು.

ಅದಕ್ಕೆ ಬಹುತೇಕ ತಲೆಬುರುಡೆಯನ್ನು ತೆರೆಯಬೇಕಿಲ್ಲ. 1907ರಲ್ಲಿ ಆಸ್ಟ್ರಿಯದ ಶ್ಲೋಫರ್ ಮೂಗಿನ ಮಾರ್ಗದಿಂದ ಗಡ್ಡೆಯನ್ನು ತಲುಪಿದರು. 1960ರ ದಶಕದಲ್ಲಿ ಮಾಂಟ್ರಿಯಲಿನ ಹಾರ್ಡಿ ಅಲ್ಲಿಗೆ ಸೂಕ್ಷ್ಮದರ್ಶಕವನ್ನು ತಂದರು. ಇಂದು ಎಂಡೋಸ್ಕೋಪೂ ಜೊತೆಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ನಡೆಯುತ್ತದೆ.

ಬಹುಕಾಲ ಒತ್ತಡಕ್ಕೊಳಗಾದ ನರ ಪೂರ್ಣ ಚೇತರಿಸಿಕೊಳ್ಳದಿರಬಹುದು. ಆದುದರಿಂದ ಚಿಂಚೋಳಿಯ ಹಿರಿಯರೊಬ್ಬರು ಪದೇ ಪದೇ ಬಾಗಿಲ ಚೌಕಟ್ಟಿಗೆ ತಾಗಿದರೆ ಮುಪ್ಪೆಂದು ಸುಮ್ಮನಿರಬಾರದು. ಒಂದು ಕಣ್ಣು ಮುಚ್ಚಿಸಿ, ನೇರ ನೋಡಲು ಹೇಳಿ, ಹೊರಪಕ್ಕದಿಂದ ಬೆರಳು ತರೋಣ. ಹೀಗೆಯೇ ಇನ್ನೊಂದು ಕಣ್ಣಿಗೂ. ಬೆರಳು ತಡವಾಗಿ ಕಂಡರೆ ವೈದ್ಯರ ಬಳಿಗೆ ಅಂದೇ ಕರೆದೊಯ್ಯೋಣ.