ಮಂಗಳನೌಕೆಯ ದಿನಚರಿ ಬಲ್ಲ ಬ್ಯಾಲಾಳು

ಬೆಳಗಾವಿಯಲ್ಲಿ ಖಾನಾಪುರದ ಬಸ್ಸು ಹತ್ತುವಾಗ ಒಂದು ಪ್ರಶ್ನೆ ಕೇಳಿದಿರಿ ಅನ್ನಿ, ಉತ್ತರ ಸಿಗುವುದು ಮಚ್ಛೆ ದಾಟಿದ ಮೇಲೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನದೊಡನೆ ಮಾತುಕತೆ ನಡೆದದ್ದು ಈ ಲೆಕ್ಕದಲ್ಲೇ. ನೌಕೆ ಆಗ 22 ಕೋಟಿ ಕಿ.ಮೀ.ಗೂ ಆಚೆಗಿತ್ತು. ರೇಡಿಯೊ ಸಂಕೇತ ಅಲ್ಲಿಗೆ ಮುಟ್ಟಲು ಹನ್ನೆರಡೂವರೆ ನಿಮಿಷ, ಮರಳಲು ಅಷ್ಟೇ. ಮಂಗಳ ಸೂರ್ಯನ ಆಚೆ ಬದಿಗೆ ಸರಿದಾಗಲಂತೂ ಉತ್ತರ ಬರುವಷ್ಟರಲ್ಲಿ ನೀವು ಖಾನಾಪುರದಲ್ಲೇ ಇಳಿದಿರುತ್ತೀರಿ.

ಈ ಮಾತುಕತೆಯ ಜಾಗ ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು. ಸುತ್ತ ದಿಬ್ಬ, ನಡುವೆ ತಗ್ಗು. ನಗರದ ರೇಡಿಯೊ ಗದ್ದಲ ಒಳನುಗ್ಗದಿರಲೆಂದೇ ಆರಿಸಿದ ನೆಲ. ಇಸ್ರೊ ಇಲ್ಲಿ 32 ಮೀಟರ್ ಮತ್ತು 18 ಮೀಟರ್ ಅಗಲದ ಎರಡು ತಟ್ಟೆ ಆಂಟೆನಾಗಳನ್ನು ನಿಲ್ಲಿಸಿದ್ದು 2008ರಲ್ಲಿ, ಚಂದ್ರಯಾನ-1ಕ್ಕಾಗಿ. ಆದೇಶ ಹೊರಡುವುದು ಪೀಣ್ಯದ ಇಸ್ಟ್ರಾಕ್ ನಿಯಂತ್ರಣ ಕೇಂದ್ರದಿಂದ. ಭೂಮಿ ತಿರುಗಿ ಮಂಗಳ ನಮ್ಮ ದಿಗಂತದ ಕೆಳಗೆ ಇಳಿದರೆ ಅಮೆರಿಕದ ನಾಸಾ ಜಾಲದ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಆಂಟೆನಾಗಳು ನೆರವಾಗುತ್ತಿದ್ದವು.

ಆ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆ ಸೇರಿದ ಬೆಳಿಗ್ಗೆಯ ಚಪ್ಪಾಳೆಯನ್ನು ಟಿ.ವಿ.ಯಲ್ಲಿ ಎಲ್ಲರೂ ಕಂಡಿದ್ದಾರೆ. ನನಗೆ ದೊಡ್ಡದಾಗಿ ಕಾಣುವುದು ಅದರ ನಂತರ ನಡೆದ, ಯಾರೂ ನೋಡದ ಚಾಕರಿ. ನೌಕೆಗೆ ಮಂಗಳನ ಒಂದು ಸುತ್ತಿಗೆ ಸುಮಾರು 73 ಗಂಟೆ ಬೇಕಿತ್ತು. ಹತ್ತಿರ ಬಂದಾಗ 421 ಕಿ.ಮೀ., ದೂರ ಹೋದಾಗ ಸುಮಾರು 77 ಸಾವಿರ ಕಿ.ಮೀ. ಅದು ಎಲ್ಲಿದೆ ಎಂದು ತಿಳಿಯಲು ಇಲ್ಲಿಂದ ಒಂದು ಸಂಕೇತ ಕಳಿಸುತ್ತಿದ್ದರು, ನೌಕೆ ಅದನ್ನೇ ಹಿಂದಕ್ಕೆ ಕಳಿಸುತ್ತಿತ್ತು. ಹೋಗಿಬರಲು ಹಿಡಿದ ಹೊತ್ತಿನಿಂದ ದೂರ, ಬಂದ ಅಲೆಯ ಆವರ್ತನ ಎಷ್ಟು ಸರಿದಿದೆ ಎಂಬುದರಿಂದ ವೇಗ. ಜೊತೆಗೆ ಬ್ಯಾಟರಿ, ತಾಪ, ಇಂಧನದ ವರದಿ. ನೌಕೆಯನ್ನು ತಿರುಗಿಸುವ ಚಕ್ರಗಳ ವೇಗ ಮಿತಿಮೀರಿದರೆ ಪುಟ್ಟ ಎಂಜಿನ್ ಉರಿಸಿ ಇಳಿಸಬೇಕಿತ್ತು. ಯಾವುದನ್ನೂ ಕೈಹಿಡಿದು ನಡೆಸುವಂತಿರಲಿಲ್ಲ; ಇಷ್ಟು ಹೊತ್ತಿಗೆ ಇದನ್ನು ಮಾಡು ಎಂದು ಆದೇಶಗಳ ಪಟ್ಟಿಯನ್ನೇ ಮುಂಚಿತವಾಗಿ ಕಳಿಸಿರುತ್ತಿದ್ದರು. 2015ರ ಜೂನ್‌ನಲ್ಲಿ ಸೂರ್ಯ ಅಡ್ಡ ಬಂದು ಸಂಪರ್ಕ ತಪ್ಪಿದಾಗ ನೌಕೆ ತನ್ನ ಪಾಡಿಗೆ ತಾನು ಇರಬೇಕಾಯಿತು.

ನಿಜವಾದ ಪರೀಕ್ಷೆ ನೆರಳಿನದಾಗಿತ್ತು. ಸೌರಫಲಕಕ್ಕೆ ಬಿಸಿಲು ತಪ್ಪಿದರೆ ಬ್ಯಾಟರಿಯೇ ಗತಿ, ಅದು ಎರಡು ಗಂಟೆಯೂ ತಾಳುತ್ತಿರಲಿಲ್ಲ. ಮಂಗಳನ ನೆರಳು ಎಂಟು ಗಂಟೆಯವರೆಗೆ ಬೀಳಲಿದೆ ಎಂದು ಮೊದಲೇ ಲೆಕ್ಕ ಹಾಕಿದ ತಂಡ, 2017ರ ಜನವರಿ 17ರಂದು 431 ಸೆಕೆಂಡು ಎಂಜಿನ್ ಉರಿಸಿ ಕಕ್ಷೆಯನ್ನೇ ಸರಿಸಿತು. ಅದಕ್ಕೆ ಸುಮಾರು 20 ಕೆ.ಜಿ. ಇಂಧನ ಹೋಯಿತು. ಆರು ತಿಂಗಳ ಬಾಳಿಕೆಗೆಂದು ಕಟ್ಟಿದ ನೌಕೆ ಏಳೂವರೆ ವರ್ಷ ದುಡಿಯಿತು. 2022ರ ಏಪ್ರಿಲ್‌ನಲ್ಲಿ ಮತ್ತೊಂದು ದೀರ್ಘ ಗ್ರಹಣದ ಬಳಿಕ ಉತ್ತರ ಬರಲಿಲ್ಲ. ಇಂಧನ ತೀರಿರಬೇಕೆಂದು ಇಸ್ರೊ ಹೇಳಿತು.

ಬ್ಯಾಲಾಳು ಮಾತ್ರ ಬಿಡುವಾಗಿಲ್ಲ, ಚಂದ್ರಯಾನ-2ರ ಕಕ್ಷಾನೌಕೆ, ಆದಿತ್ಯ-ಎಲ್1 ಎಲ್ಲಕ್ಕೂ ಅದೇ ಆಸರೆ. ಮಚ್ಛೆಯ ತಾಂತ್ರಿಕ ವಿಶ್ವವಿದ್ಯಾಲಯ ವಿ.ಟಿ.ಯು.ನಲ್ಲಿ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದುವ ನಮ್ಮ ಹುಡುಗ ಹುಡುಗಿಯರು ಬಾಹ್ಯಾಕಾಶ ಎಂದರೆ ರಾಕೆಟ್ಟಷ್ಟೇ ಅಂದುಕೊಳ್ಳದೆ, ಈ ಕೆಲಸದತ್ತಲೂ ಒಮ್ಮೆ ಕಣ್ಣು ಹಾಯಿಸಲಿ.