ಒಂದು ಕಾಳಿನ ಹಿಂದೆ ಹತ್ತು ವರ್ಷ



ಸೋಯಾಬೀನ್ ಎಂದರೆ ನಿಮಗೆ ನೆನಪಾಗುವುದು ಸಂಘದ ಊಟದಲ್ಲಿ ತಟ್ಟೆಯ ಅಂಚಿಗೆ ಸರಿಸಿಡುವ ಸೋಯಾ ಚಂಕ್ಸ್, ಅಲ್ಲವೇ? (ನಾನು ನೋಡಿದ್ದೇನೆ!) ನನಗೆ ನೆನಪಾಗುವುದು ಬೆಳಗಾವಿ ಜಿಲ್ಲೆಯ ನನ್ನ ತವರಿನ ಹೊಲ. ಒಂದು ವರ್ಷ ಗಣೇಶ ಚೌತಿಗೆ ಹೋದಾಗ ಅಣ್ಣ ಒಂದು ಎಲೆ ಕಿತ್ತು, ತಿರುಗಿಸಿ ತೋರಿಸಿದ. ಅಡಿಯಲ್ಲೆಲ್ಲ ಕಂದು ಚುಕ್ಕೆ. ದಸರೆಯ ಹೊತ್ತಿಗೆ ಎಲೆಗಳೆಲ್ಲ ಉದುರಿದವು, ಕಾಯಿಯಲ್ಲಿ ಕಾಳು ತುಂಬಲೇ ಇಲ್ಲ. ಆ ವರ್ಷದ ಸಾಲ ತೀರಲು ಮೂರು ವರ್ಷ ಹಿಡಿಯಿತು.

ಅದು ತುಕ್ಕು ರೋಗ. ಇದರ ಶಿಲೀಂಧ್ರ ಗಾಳಿಯಲ್ಲಿ ತೇಲಿ ಬರುತ್ತದೆ. ಬಿಡದ ಮಳೆ, ತಂಪು ಹವೆ ಸಿಕ್ಕರೆ ಕೆಲವೇ ವಾರಗಳಲ್ಲಿ ಹೊಲವೇ ಮುಗಿಯಿತು. ಅಣ್ಣ ಬಿತ್ತಿದ್ದೇನೂ ಕೆಟ್ಟ ಬೀಜವಲ್ಲ. ಮಧ್ಯಪ್ರದೇಶದಿಂದ ಬಂದ ಜೆಎಸ್ 335, ಒಳ್ಳೆಯ ಇಳುವರಿಗೆ ಹೆಸರಾದದ್ದು. ತುಕ್ಕನ್ನು ಮಾತ್ರ ಅದು ತಡೆಯಲಾರದು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದೇ ಜೆಎಸ್ 335ನ್ನು ತುಕ್ಕು ತಡೆಯುವ ಇನ್ನೊಂದು ಸೋಯಾದೊಡನೆ ಕೂಡಿಸಿದರು. ಹೇಳುವುದು ಸುಲಭ! ಸೋಯಾ ಹೂವು ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ, ಅರಳುವ ಮೊದಲೇ ತನ್ನ ಪರಾಗವನ್ನೇ ತಾನು ಬಳಸಿಕೊಂಡುಬಿಡುತ್ತದೆ. ಆದ್ದರಿಂದ ಮೊಗ್ಗಿರುವಾಗಲೇ ಚಿಮಟದಿಂದ ಬಿಡಿಸಿ, ಕೇಸರಗಳನ್ನು ತೆಗೆದು, ಬೇರೆ ಗಿಡದ ಪರಾಗ ಸವರಬೇಕು. ಎಷ್ಟೋ ಹೂವುಗಳು ಉದುರಿಯೇ ಹೋಗುತ್ತವೆ. ಉಳಿದ ಕಾಳು ಬಿತ್ತಿದರೆ ಮುಂದಿನ ತಲೆಮಾರಿನಲ್ಲಿ ಒಂದು ಗಿಡದಂತೆ ಇನ್ನೊಂದಿಲ್ಲ. ಇಳುವರಿಯೂ ಬೇಕು, ರೋಗವೂ ತಟ್ಟಬಾರದು. ಎರಡೂ ಇರುವ ಗಿಡಗಳನ್ನು ಆರಿಸುತ್ತಾ ಐದಾರು ತಲೆಮಾರು ಬೆಳೆಯಬೇಕು. ಆಮೇಲೆ ಊರೂರಿನಲ್ಲಿ ಪರೀಕ್ಷೆ. ಹೀಗೆ ಹತ್ತು ವರ್ಷ ಸುಲಭವಾಗಿ ಕಳೆಯುತ್ತದೆ. ನಮ್ಮ ಕಾಲದಲ್ಲಿ ವರನನ್ನೂ ಯಾರೂ ಇಷ್ಟು ಸೋಸಿರಲಿಲ್ಲ ಬಿಡಿ!

ಆರಿಸುವುದೆಲ್ಲಿ? ರೋಗ ಅತಿ ಹೆಚ್ಚು ಕಾಡುವಲ್ಲಿಯೇ. ನಮ್ಮ ಜಿಲ್ಲೆಯ ಉಗಾರ ಖುರ್ದ ತುಕ್ಕಿಗೆ ಹೆಸರುವಾಸಿ, ಅಲ್ಲಿ ಹಸಿರಾಗಿ ನಿಂತದ್ದೇ ಪಾಸು. ಹೀಗೆ ಬಂದದ್ದು ಡಿಎಸ್‌ಬಿ 21.

ಪುಣೆಯಲ್ಲಿರುವ ನೀವು ಆಘಾರಕರ್ ಸಂಶೋಧನಾ ಸಂಸ್ಥೆಯ ಮುಂದೆ ಓಡಾಡಿರುತ್ತೀರಿ. ಅಲ್ಲಿಯೂ ಇದೇ ಕೆಲಸ. 2021ರಲ್ಲಿ ಅವರು ಪ್ರಕಟಿಸಿದ ಎಂಎಸಿಎಸ್ 1407, ಹೆಕ್ಟೇರಿಗೆ 39 ಕ್ವಿಂಟಲ್ ಕೊಡಬಲ್ಲದು, ಹಲವು ಕೀಟಗಳನ್ನೂ ತಡೆಯುತ್ತದೆ. ಆದರೆ ಅದನ್ನು ಆರಿಸಿದ್ದು ಅಸ್ಸಾಂ, ಬಂಗಾಳದ ಕಡೆಯ ಹೊಲಗಳಿಗೆ. ನಮ್ಮ ಅಣ್ಣನಿಗೆ ಧಾರವಾಡದ್ದೇ ಆಗಬೇಕು.

ಈಗ ಅವನು ಅದನ್ನೇ ಬಿತ್ತುತ್ತಾನೆ, ಮುಂದಿನ ವರ್ಷಕ್ಕೆಂದು ಎರಡು ಚೀಲ ಎತ್ತಿಡುತ್ತಾನೆ. ಸೋಯಾ ಬೀಜದ ಸಿಪ್ಪೆ ತೆಳು, ಚೀಲ ಧೊಪ್ಪನೆ ಬಿದ್ದರೂ ಮೊಳಕೆ ಹಾಳು. ಬಿತ್ತನೆಗೆ ಮೊದಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಣಿಸುವುದು ಅತ್ತಿಗೆಯ ಕೆಲಸ. ಈ ಸಲ 78 ಮೊಳೆತವು ಎಂದು ಫೋನಿನಲ್ಲಿ ಹೇಳಿದರು.